ಕ್ಯಾಮೆರಾಕ್ಕೆ ಅರ್ಧ ಕೊಡೆ

ಆ ಮಳೆಗಾಲದಲ್ಲಿ ಅಕ್ಕನ ಎಡ ಭುಜ ಯಾವಾಗಲೂ ಒದ್ದೆ. ಕೊಡೆಯ ಅರ್ಧ ಅವಳಿಗೆ, ಇನ್ನರ್ಧ ಗೇಟಿನ ಕಂಬದ ಕ್ಯಾಮೆರಾಕ್ಕೆ. ತುದಿಗಾಲಲ್ಲಿ ನಿಂತು ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದಳು, ಶಾಲೆಗೆ ಹೊರಟ ಮಗುವಿನ ಮೂಗು ಒರೆಸುವ ಹಾಗೆ.

ಸ್ವಂತ ಅಕ್ಕನಲ್ಲ. ತಿತಿಮತಿಯ ಕಾಡಿನ ಹತ್ತಿರ ನಮ್ಮಿಬ್ಬರ ಕಾಫಿ ಎಸ್ಟೇಟಿಗೂ ಒಂದೇ ಬೇಲಿ, ಅಷ್ಟೇ. ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅವಳಿಟ್ಟ ಹೆಸರು "ಟುಸ್‌ಪುಸ್".

ಕ್ಯಾಮೆರಾ ಕಳ್ಳರಿಗಾಗಿ ಅಲ್ಲ, ಆನೆಗಾಗಿ. ಬೆಳಿಗ್ಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸನ್ನು ಅವಳ ಗೇಟಿನೆದುರೇ ಆನೆ ತುಳಿದು ಕೊಂದಿತ್ತು. "ಗಂಟೆ ಹೊಡೆದು ಕರೆದದ್ದು ನಾನಲ್ವಾ?" ಎಂದು ಅಕ್ಕ ತಿಂಗಳುಗಟ್ಟಲೆ ಕೊರಗಿದಳು. ಆಮೇಲೆ ಗೋಣಿಕೊಪ್ಪಲಿನಿಂದ ಕ್ಯಾಮೆರಾ ತರಿಸಿದಳು. ಗೇಟಿನ ದಾರಿ ಖಾಲಿ ಎಂದು ಟಿವಿಯಲ್ಲಿ ಕಂಡ ಮೇಲೆಯೇ ಗಂಟೆ. ಗಂಟೆ ಕೇಳಿದ ಮೇಲೆಯೇ ಆಳುಗಳು ಗೇಟಿನಾಚೆಯ ಲೈನ್‌ಮನೆ ಬಿಟ್ಟು ಹೊರಡುವುದು. ನನ್ನ ಮಾರ್ನಿಂಗ್ ವಾಕ್ ಕೂಡ ಆ ಗಂಟೆಗೇ.

ಡಬ್ಬದ ಮೇಲೆ "ವೆದರ್‌ಪ್ರೂಫ್" ಎಂದಿತ್ತು. ಓದಿ ಹೇಳಿದೆ.

"ಯಾವ ವೆದರು? ಅವರದ್ದಾ, ನಮ್ಮದಾ?"

"ಡೋಂಟ್ ಬಿ ಸಿಲ್ಲಿ, ಅಕ್ಕ. ರೇನ್ ಈಸ್ ರೇನ್."

"ಕಕ್ಕಡ ತಿಂಗಳ ಜಡಿಮಳೆ ಬರ್ಲಿ ಮಾರಾಯ್ತಿ, ಆಗ ಟುಸ್‌ಪುಸ್ ಮಾಡು."

ಕಕ್ಕಡದವರೆಗೂ ಕಾಯಬೇಕಾಗಲಿಲ್ಲ. ಜೂನ್‌ನಲ್ಲೇ ಗಾಜಿನ ಒಳಮೈಗೆ ಹಬೆ ಕೂತಿತು. ಮಳೆಗಾಲದಲ್ಲಿ ನಮ್ಮ ಕಡೆ ಒದ್ದೆಯಾದದ್ದೆಲ್ಲ ಒಣಗುವುದು ಒಲೆಯ ಮೇಲೆ. ಅಕ್ಕ ಕ್ಯಾಮೆರಾವನ್ನೂ ಬಿಚ್ಚಿ ತಂದು, ಸ್ವೆಟರ್, ಕಾಲುಚೀಲಗಳ ನಡುವೆ ಒಲೆಯ ಮೇಲೆ ತೂಗುಹಾಕಿದಳು. ಹಬೆಯೇನೋ ಹೋಯಿತು. ಆದರೆ ನೀರು ತಡೆಯುವ ರಬ್ಬರ್ ಉಂಗುರ ಶಾಖಕ್ಕೆ ಹಪ್ಪಳದಂತೆ ಸೊಟ್ಟಗಾಯಿತು. ಮತ್ತೆ ಕಂಬಕ್ಕೇರಿಸಿದ ಮೇಲೆ ಒಳಗೆ ನೀರೇ ಇಳಿಯಿತು. ಆಳುಗಳು ತಲೆಯಿಂದ ಇಳಿಬಿಡುವ ಪ್ಲಾಸ್ಟಿಕ್ ಕೊಪ್ಪೆಯನ್ನು ಅದಕ್ಕೂ ಹೊದಿಸಿದಳು.

"ಅಮ್ಮಾ, ಕ್ಯಾಮೆರಾಕ್ಕೆ ಮದುವೆಯಾ? ಮುಸುಕು ಹಾಕಿ ಕೂತಿದೆ!" ಎಂದು ಕಳೆ ತೆಗೆಯುತ್ತಿದ್ದ ಹೆಂಗಸರು ನಕ್ಕರು.

"ಹೌದು, ಗಂಡು ಕಾಡಿಂದ ಬರ್ತದೆ. ನೀವು ದಾರಿಗಡ್ಡ ಬರಬೇಡಿ!" ಅಕ್ಕನೂ ನಕ್ಕಳು.

ನಗು ಅಲ್ಲಿಗೇ ಮುಗಿಯಿತು. ಟಿವಿಯಲ್ಲಿ ಬರೀ ಬಿಳಿ. ಹೊಸ ಕ್ಯಾಮೆರಾ ಬರುವುದು ತಡ ಎಂದರು ಅಂಗಡಿಯವರು. ಅಕ್ಕ ಗಂಟೆಗೆ ಮೊದಲು ತಾನೇ ಗೇಟಿಗೆ ಹೋಗಿ ನೋಡಿ ಬರತೊಡಗಿದಳು.

"ಪ್ಲೀಸ್ ಅಕ್ಕ, ಅಷ್ಟು ದಿನ ಕೆಲಸ ನಿಲ್ಲಿಸಿಬಿಡು."

"ನಿಲ್ಲಿಸಿದ್ರೆ ಅವರು ಬೇರೆ ತೋಟಕ್ಕೆ ಹೋಗ್ತಾರೆ. ದಾರಿ ಇದೇ ಅಲ್ವಾ? ಅಲ್ಲಿ ಯಾರು ನೋಡಿ ಗಂಟೆ ಹೊಡೀತಾರೆ?"

ಅಕ್ಕ ಕೊಡೆ ಬಿಚ್ಚಿ ಗೇಟಿನ ಕಡೆ ನಡೆದಳು.

ಆ ಬೆಳಿಗ್ಗೆ ಮಂಜು ಬೇಲಿಯನ್ನೇ ನುಂಗಿತ್ತು. ಷೂ ಹಾಕಿಕೊಂಡು ಗಂಟೆಗಾಗಿ ಕಾದೆ. ಕಾಫಿ ಆರಿತು. ಗಂಟೆ ಕೇಳಲಿಲ್ಲ. ಲೈನ್‌ಮನೆಗಳಿಂದ ಯಾರೂ ಹೊರಡಲಿಲ್ಲ. ಆಮೇಲೆ ಗೇಟಿನ ಕಡೆಯಿಂದ ಆನೆ ಘೀಳಿಟ್ಟಿತು.

ಫಾರೆಸ್ಟ್‌ನವರು ಬಂದು, ಪಟಾಕಿ ಹೊಡೆದು, ಅದನ್ನು ಕಾಡಿಗಟ್ಟಿದ ಮೇಲೆಯೇ ನಾವು ಹೋಗಲಾದದ್ದು. ಅಕ್ಕ ಕಂಬದ ಬುಡದಲ್ಲಿದ್ದಳು. ಜೀವ ಹೋಗಿತ್ತು. ಕೊಡೆ ಮಾತ್ರ ಬಿಚ್ಚಿದಂತೆಯೇ ಬೇಲಿಗೆ ಸಿಕ್ಕಿಕೊಂಡಿತ್ತು. ಅವತ್ತು ಆ ದಾರಿಯಲ್ಲಿ ಬೇರೆ ಯಾರೂ ಕಾಲಿಟ್ಟಿರಲಿಲ್ಲ.

ಈಗ ಎರಡೂ ತೋಟದ ಗಂಟೆ ಹೊಡೆಯುವವಳು ನಾನು. ಹೊಸ ಕ್ಯಾಮೆರಾಕ್ಕೆ ತಗಡಿನ ಸೂರು ಹಾಕಿಸಿದ್ದೇನೆ. ಆದರೂ ಕೆಲವು ಬೆಳಿಗ್ಗೆ ಮಸುಕು. ಮಸುಕಾದರೆ ಗಂಟೆಯಿಲ್ಲ, ಆದರೆ ಅವತ್ತಿನ ಕೂಲಿ ಉಂಟು. "ಅಮ್ಮಾ, ಎಂತ, ನಿದ್ದೆಯಾ? ಗಂಟೆ ಎಲ್ಲಿ?" ಎಂದು ಲೈನ್‌ಮನೆಯ ಹೆಂಗಸರು ಅಲ್ಲಿಂದಲೇ ಕೂಗುತ್ತಾರೆ.

ಕೂಗಲಿ. ಲೆಟ್ ದೆಮ್ ಶೌಟ್.