ಟರ್ಕಿ ಕೂಗುವ ಪೆಟ್ಟಿಗೆಗೆ ಬೇಕಾದ ಚಾಕ್

೧೯೮೪ರಲ್ಲಿ ನಾನು ರಿಯಾದಿನ ಹೊರವಲಯದಲ್ಲಿದ್ದ ಒಂದು ಕನ್‌ಸ್ಟ್ರಕ್ಷನ್ ಕಂಪೆನಿಯ ಕ್ಯಾಂಪಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಸಿಮೆಂಟ್ ಬೇಕಾದರೂ ಸೂಜಿ ಬೇಕಾದರೂ ಜನ ನನ್ನ ಕೌಂಟರಿಗೇ ಬರಬೇಕು. ಕೇಳಿದ್ದನ್ನು ‘ಇಲ್ಲ’ ಎಂದು ಹೇಳಿ ಕಳಿಸುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಅದು ದೊಡ್ಡ ಗುಣವೇನಲ್ಲ, ಬರೀ ಹಟ. ಆ ಹಟದಿಂದ ನನ್ನ ಎಷ್ಟೋ ಶುಕ್ರವಾರಗಳ ರಜೆ ಹಾಳಾಗಿದೆ. ಒಂದು ತುಂಡು ಚಾಕ್‌ಗಾಗಿ ಹಾಳಾದ ಶುಕ್ರವಾರಗಳನ್ನು ಮಾತ್ರ ಈಗಲೂ ಖುಷಿಯಿಂದ ನೆನೆಯುತ್ತೇನೆ.

ನಮ್ಮ ಸೈಟಿನ ಇಂಜಿನಿಯರ್ ವಾಲ್ಟರ್ ಅಮೆರಿಕದವರು. ಅವರ ಬಳಿ ಅಂಗೈಗಿಂತ ತುಸು ಉದ್ದದ ಒಂದು ಮರದ ಪೆಟ್ಟಿಗೆ ಇತ್ತು. ಅವರ ಊರಿನಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗುವವರು ಇಂಥದ್ದನ್ನು ಒಯ್ಯುತ್ತಾರಂತೆ. ತೆಳು ಗೋಡೆಯ ಪೆಟ್ಟಿಗೆ, ಅದರ ಮೇಲೆ ಒಂದೇ ತಿರುಪಿನಲ್ಲಿ ಕೂತ ಮುಚ್ಚಳ. ಮುಚ್ಚಳದ ಅಡಿಭಾಗ ಪೆಟ್ಟಿಗೆಯ ಅಂಚನ್ನು ಉಜ್ಜುತ್ತ ಸರಿದರೆ ಹೆಣ್ಣು ಟರ್ಕಿಯ ಕೂಗು ಹೊರಡುತ್ತದೆ, ಅದನ್ನು ಕೇಳಿ ಗಂಡು ಹತ್ತಿರ ಬರುತ್ತದೆ. ಆದರೆ ಮರಕ್ಕೆ ಮರ ಬರಿದೇ ಉಜ್ಜಿದರೆ ಸದ್ದಿಲ್ಲ. ನಡುವೆ ಚಾಕ್‌ನ ಹುಡಿ ಇರಬೇಕು. ಆ ಹುಡಿಯ ಹಿಡಿತದಿಂದಲೇ ಮರ ನಡುಗಿ ಕೂಗುವುದು.

ಪೆಟ್ಟಿಗೆಯನ್ನು ಮಾಡಿದವರು ವಾಲ್ಟರ್ ಅವರ ತಂದೆ. ರಿಯಾದಿನ ಒಣಹವೆಗೆ ಅದರ ಒಂದು ಬದಿ ಬಿರುಕು ಬಿಟ್ಟಿತ್ತು. ಮಾರ್ಚ್ ಕೊನೆಗೆ ವಾಲ್ಟರ್ ರಜೆಯಲ್ಲಿ ಊರಿಗೆ ಹೋಗುವವರಿದ್ದರು.

“ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಈ ಸಲ ಅವರನ್ನು ಕಾಡಿನ ಅಂಚಿಗೆ ಕರೆದುಕೊಂಡು ಹೋಗಿ ಇದನ್ನು ಕೈಗೆ ಕೊಡಬೇಕು. ಅವರಿಗೆ ಇದರ ದನಿ ಗೊತ್ತು. ಬೇರೆ ಪೆಟ್ಟಿಗೆ ಕೊಟ್ಟು ಮೋಸ ಮಾಡಲಾಗುವುದಿಲ್ಲ” ಎಂದರು.

ಬಿರುಕು ಕೂಡಿಸಿದ್ದು ನಮ್ಮ ಹಿರಿಯ ಬಡಗಿ ಮೋನಾಕ. ಹೆಸರು ಮೋನು, ಬಂಟ್ವಾಳ ಕಡೆಯ ಬ್ಯಾರಿ. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಹೆಸರಿಗೆ ಗೌರವದ ‘ಆಕ’ ಸೇರಿ ಕ್ಯಾಂಪಿನ ನಮ್ಮೂರಿನವರಿಗೆಲ್ಲ ಅವರು ಮೋನಾಕ. ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು, ಬಿರುಕು ಎಲ್ಲಿತ್ತೆಂದು ಹುಡುಕಬೇಕಾಗುವಷ್ಟು ಚೆಂದ ಕೂಡಿಸಿದ್ದರು. ವಾಲ್ಟರ್ ತಂದಿದ್ದ ಚಾಕ್ ಮುಗಿದುಹೋಗಿತ್ತು. ಹಾಗಾಗಿ ಒಂದು ಶುಕ್ರವಾರ ಮೋನಾಕ ವರ್ಕ್‌ಶಾಪಿನ ಚಾಕ್ ಹಚ್ಚಿ ಮುಚ್ಚಳ ಎಳೆದರು. ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ.

ವಾಲ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮೋನಾಕರ ಮುಖ ಸಣ್ಣದಾಯಿತು.

“ಆ ಮುದುಕ ಮಾಡಿದ್ದು ಅಲ್ಲವಾ ಶೇಖರ? ನನ್ನ ಕೈ ತಾಗಿ ಮೂಕ ಆಯ್ತು ಅಂತ ಹೇಳಿದರೆ ನಾನು ಎಂತ ಮಾಡುವುದು?” ಎಂದು ಅವರು ಆ ಸಂಜೆ ನನ್ನ ಬಳಿ ಬಂದು ಕೂತರು.

“ಚಾಕ್ ಸರಿಯಿಲ್ಲ, ಅಷ್ಟೆ. ಸರಿಯಾದ್ದನ್ನು ನಾನು ತರುತ್ತೇನೆ” ಎಂದೆ.

ಯಾವುದು ಸರಿಯಾದದ್ದು ಎಂದು ವಾಲ್ಟರ್ ಅವರನ್ನೇ ಕೇಳಿದೆ. ಎಣ್ಣೆ, ಮೇಣ, ಅಂಟು ಯಾವುದೂ ಇರಕೂಡದು, ಮೆತ್ತಗಿರಬೇಕು, ಹುಡಿ ಧಾರಾಳ ಉದುರಬೇಕು ಎಂದರು. ಸ್ಟೋರಿನಲ್ಲಿದ್ದವನ್ನೆಲ್ಲ ಹೊರಗೆ ಹರಡಿದೆ. ವೆಲ್ಡರುಗಳು ಕಬ್ಬಿಣದ ಮೇಲೆ ಗುರುತು ಹಾಕುವ ಸೋಪ್‌ಸ್ಟೋನ್ ಬಿಳಿಯೇನೋ ಹೌದು, ಆದರೆ ಮರದ ಮೇಲೆ ಜಾರುತ್ತದೆ. ಟೇಲರ್ ಚಾಕ್‌ನಲ್ಲಿ ಮೇಣ. ಆಫೀಸಿನ ಬೋರ್ಡಿಗೆ ತರಿಸಿದ್ದ ಡಸ್ಟ್‌ಲೆಸ್ ಚಾಕ್ ಗಟ್ಟಿ, ಮರಕ್ಕೆ ಹೊಳಪು ಕೊಡುತ್ತದೆಯೇ ಹೊರತು ಹುಡಿ ಬಿಡುವುದಿಲ್ಲ.

ಮುಂದಿನ ಶುಕ್ರವಾರ ಕಂಪೆನಿ ಬಸ್ಸಿನಲ್ಲಿ ಬತ್ಹಾಕ್ಕೆ ಹೋದೆ. ನಮ್ಮವರು ಊರಿಗೆ ಹಣ ಕಳಿಸಲು, ಅಗ್ಗದ ಬಟ್ಟೆ ಕೊಳ್ಳಲು ಹೋಗುವ ಹಳೇ ಪೇಟೆ ಅದು. ಸ್ಟೇಷನರಿ ಅಂಗಡಿಗಳನ್ನು ಒಂದೂ ಬಿಡದೆ ಹತ್ತಿ ಇಳಿದೆ. ಹುಡಿ ಉದುರುವ ಚಾಕ್ ಕೊಡಿ ಎಂದರೆ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು, ಏಕೆಂದರೆ ಲೋಕವೆಲ್ಲ ಕೇಳುವುದು ಉದುರದ ಚಾಕ್. ಕೊನೆಗೆ ಒಬ್ಬ ಯಮನಿ ಮುದುಕ ಅಟ್ಟದಿಂದ ಹಳೇ ಪ್ಯಾಕೆಟ್ಟುಗಳನ್ನು ಇಳಿಸಿದ. ಮುಟ್ಟಿದರೆ ಬೆರಳಿಡೀ ಬಿಳಿಯಾಗುವ ಸಾದಾ ಚಾಕ್.

ಕ್ಯಾಂಪಿಗೆ ಬಂದವನೇ ಪರೀಕ್ಷೆ ಮಾಡಿದೆ. ಕಂದು ಪೇಪರಿನ ನಡುವೆ ಚಾಕ್ ಹುಡಿ ಹಾಕಿ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತುವುದು. ಮೇಣವೋ ಎಣ್ಣೆಯೋ ಇದ್ದರೆ ಪೇಪರಿನಲ್ಲಿ ಕಲೆ ಮೂಡುತ್ತದೆ. ಟೇಲರ್ ಚಾಕ್ ಕಲೆ ಬಿಟ್ಟಿತು, ಬತ್ಹಾದ ಚಾಕ್ ಬಿಡಲಿಲ್ಲ. ಗೆದ್ದೆ ಎಂದುಕೊಂಡು ಪ್ಯಾಕೆಟ್ ಹಿಡಿದು ವರ್ಕ್‌ಶಾಪಿಗೆ ಓಡಿದೆ. ಮೋನಾಕ ಹಚ್ಚಿದರು, ಎಳೆದರು. ಸದ್ದಿಲ್ಲ. ವಾಲ್ಟರ್ ಪ್ಯಾಕೆಟ್ಟಿನಿಂದ ಬೇರೆ ತುಂಡು ತೆಗೆದು ತಾವೇ ಹಚ್ಚಿ ನೋಡಿದರು. ಆಗಲೂ ಇಲ್ಲ.

“ಬಿಡಿ ಶೇಖರ್. ಮರಕ್ಕೇ ಏನೋ ಆಗಿದೆ” ಎಂದರು ವಾಲ್ಟರ್.

ಬಿಡುವುದೇ? ನನಗೆ ಸಿಟ್ಟು ನೆತ್ತಿಗೇರಿತ್ತು. ಚಾಕ್ ಸರಿಯಿದೆ, ಅಂಟು ಸರಿಯಿದೆ, ಮತ್ತೆ ಇದು ಕೂಗದಿರಲು ಏನು ಧಾಡಿ? ಮುಂದಿನ ಶುಕ್ರವಾರ ಮಧ್ಯಾಹ್ನ ಮತ್ತೆ ವರ್ಕ್‌ಶಾಪಿಗೆ ಹೋದೆ. ಕಂಪೆನಿ ಸಮಯದಲ್ಲಿ ಸ್ವಂತ ಕೆಲಸ ಮಾಡುವಂತಿರಲಿಲ್ಲ, ಆದ್ದರಿಂದ ಈ ಪೆಟ್ಟಿಗೆಯ ಮುಂದೆ ಸಾವಕಾಶವಾಗಿ ಕೂರಲು ಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ವಾಲ್ಟರ್ ವಿಮಾನ ಬುಧವಾರಕ್ಕಿತ್ತು.

ಮೋನಾಕ ಜುಮ್ಮಾ ನಮಾಜು ಮುಗಿಸಿ ಬಂದಿದ್ದರು. ಶುಕ್ರವಾರ ಬೆಳಿಗ್ಗೆ ನಮ್ಮ ಕರಾವಳಿಯವರಿಗೆಲ್ಲ ಎಣ್ಣೆಸ್ನಾನ. ಆ ಒಣಹವೆಗೆ ತಲೆಯ ಚರ್ಮ ಬಿರಿಯುತ್ತಿತ್ತು. ಊರಿಂದ ತಂದ ತೆಂಗಿನೆಣ್ಣೆಯನ್ನು ತಲೆಗೆ ತಟ್ಟಿ, ಮಿಂದ ಮೇಲೂ ಒಂದಿಷ್ಟು ಹಚ್ಚಿ ಬಾಚಿಕೊಳ್ಳುವುದು ರೂಢಿ. ಮೋನಾಕ ಪ್ಯಾಕೆಟ್ಟಿನಿಂದ ಹೊಸ ಚಾಕ್ ತೆಗೆದರು. ಎರಡೂ ಕೈಯಿಂದ ಮುಚ್ಚಳದ ತಿರುಪು ಸಡಿಲಿಸಬೇಕಿತ್ತು. ಅದಕ್ಕಾಗಿ ಚಾಕನ್ನು ಬಡಗಿಗಳ ಅಭ್ಯಾಸದಂತೆ ಕಿವಿಯ ಮೇಲೆ ಸಿಕ್ಕಿಸಿಕೊಂಡರು.

ನಾನು ಕೂತಲ್ಲಿಂದ ಎದ್ದೆ.

“ಮೋನಾಕ, ಆ ಚಾಕ್ ಇಲ್ಲಿ ಕೊಡಿ.”

“ಎಂತಕ್ಕೆ ಮಾರಾಯ?”

ಉತ್ತರ ಹೇಳದೆ ಅವರ ಕಿವಿಯಿಂದಲೇ ಅದನ್ನು ಎಳೆದುಕೊಂಡು ಸ್ಟೋರಿಗೆ ನಡೆದೆ. ಅವರೂ ಹಿಂದೆಯೇ ಬಂದರು. ಇಸ್ತ್ರಿ ಕಾಯಿಸಿ ಒತ್ತಿದೆ. ಪೇಪರಿನ ಮೇಲೆ ಕಲೆ ಅಗಲವಾಗಿ ಮೂಡಿತು, ಜೊತೆಗೆ ಅಡುಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಂಥ ತೆಂಗಿನೆಣ್ಣೆಯ ವಾಸನೆ. ಅದೇ ಪ್ಯಾಕೆಟ್ಟಿನ, ಯಾರ ಕಿವಿಯನ್ನೂ ಕಾಣದ ಇನ್ನೊಂದು ತುಂಡನ್ನು ಒತ್ತಿದೆ. ಕಲೆಯಿಲ್ಲ.

ಮೋನಾಕ ಎರಡೂ ಪೇಪರುಗಳನ್ನು ನೋಡಿದರು. ತಲೆ ಮುಟ್ಟಿಕೊಂಡರು. “ಅಲ್ಲಾಹ್! ನನ್ನ ತಲೆಯಾ?”

ಮೊದಲ ಶುಕ್ರವಾರವೇ ಕಿವಿಗೆ ಸಿಕ್ಕಿಸಿದ್ದ ಚಾಕ್‌ನಿಂದ ಎಣ್ಣೆ ಮರಕ್ಕೆ ಇಳಿದಿತ್ತು. ಆಮೇಲೆ ವಾಲ್ಟರ್ ಎಂಥ ಚಾಕ್ ಹಚ್ಚಿದ್ದರೂ ಕೂಗುವಂತಿರಲಿಲ್ಲ. ಮೋನಾಕ ನೇರ ಸ್ಯಾಂಡ್‌ಪೇಪರಿಗೆ ಕೈ ಹಾಕಿದರು. ನಾನು ಕೈ ಹಿಡಿದೆ.

“ಉಜ್ಜಿದರೆ ಎಣ್ಣೆ ಹೋದೀತು, ಅದರೊಟ್ಟಿಗೆ ಆ ಅಪ್ಪ ಕೊಟ್ಟ ದನಿಯೂ ಹೋಗುತ್ತದೆ. ಮುಟ್ಟಬೇಡಿ.”

“ಮತ್ತೆ ಎಂತ ಮಾಡುವುದು? ಬುಧವಾರ ಬಂತಲ್ಲ!”

ಸ್ಟೋರಿನ ನೆಲದಲ್ಲಿ ಆಯಿಲ್ ಚೆಲ್ಲಿದರೆ ನಾವು ಮರದ ಹುಡಿ ಸುರಿದು ಬಿಡುತ್ತಿದ್ದೆವು. ಹುಡಿ ಎಣ್ಣೆ ಕುಡಿಯುತ್ತಿತ್ತು, ಗುಡಿಸಿ ಮತ್ತೆ ಸುರಿಯುತ್ತಿದ್ದೆವು. ಇಲ್ಲಿಯೂ ಅದನ್ನೇ ಮಾಡಿದೆವು. ಬತ್ಹಾದ ಚಾಕನ್ನು ನುಣ್ಣಗೆ ಕುಟ್ಟಿ, ಮುಚ್ಚಳದ ಅಡಿಗೂ ಪೆಟ್ಟಿಗೆಯ ಅಂಚಿಗೂ ದಪ್ಪಗೆ ಮೆತ್ತಿ ನೆರಳಿನಲ್ಲಿಟ್ಟೆವು. ಕೆಲಸ ಬಿಟ್ಟ ಮೇಲೆ ದಿನವೂ ಬ್ರಷ್‌ನಿಂದ ಹುಡಿ ಕೊಡವಿ ಹೊಸದು ಮೆತ್ತುವುದು. ಮೊದಮೊದಲು ಕೊಡವಿದ ಹುಡಿ ಹಳದಿಗಟ್ಟಿ ಉಂಡೆಯಾಗುತ್ತಿತ್ತು. ಆಮೇಲೆ ಬೆಳ್ಳಗಾಗುತ್ತ ಬಂತು. ಆ ದಿನಗಳಲ್ಲಿ ಮೋನಾಕ ತಲೆಗೆ ಟವೆಲ್ ಬಿಗಿದುಕೊಂಡು, ಕೈಗೆ ಹೊಸ ಗ್ಲೌಸ್ ಹಾಕಿಕೊಂಡು, ಡಾಕ್ಟರಂತೆ ಓಡಾಡಿದರು. ಯಾರು ನಕ್ಕರೂ ಅವರಿಗೆ ಲೆಕ್ಕವೇ ಇರಲಿಲ್ಲ.

ಮಂಗಳವಾರ ಸಂಜೆ ವಾಲ್ಟರ್ ಬಂದರು. ನಾನು ಪ್ಯಾಕೆಟ್ ಒಡೆದು ಚಾಕ್ ಕೊಟ್ಟೆ. ಅವರು ಹಗುರಾಗಿ ಹಚ್ಚಿ ಮುಚ್ಚಳ ಎಳೆದರು. ಒರಟು ಕ್ಯಾಕರಿಕೆಯಂಥ ಒಂದು ಕೂಗು ವರ್ಕ್‌ಶಾಪನ್ನೆಲ್ಲ ತುಂಬಿತು. ನನಗೆ ಅದು ಯಾವ ಕೋಳಿಯ ಕೂಗೂ ಅನ್ನಿಸಲಿಲ್ಲ. ವಾಲ್ಟರ್ ಮುಖ ನೋಡಿದ ಮೇಲೆಯೇ ಅದು ಸರಿಯಾದ ದನಿಯೆಂದು ನಂಬಿದ್ದು. ಮೋನಾಕ ಟವೆಲ್ ಬಿಚ್ಚಿ ಕಣ್ಣೊರೆಸಿಕೊಂಡರು. ಉಳಿದ ಚಾಕನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ವಾಲ್ಟರ್ ಕೈಗೆ ಕೊಟ್ಟೆ.

ರಜೆ ಮುಗಿಸಿ ಬಂದ ದಿನ ಅವರು ಆಫೀಸಿಗೆ ಹೋಗುವ ಮೊದಲು ವರ್ಕ್‌ಶಾಪಿಗೆ ಬಂದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮೋನಾಕರಿಗೆ ಹೇಳುತ್ತ ಹೋದೆ. ತಂದೆ ಪೆಟ್ಟಿಗೆಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸುತ್ತಲೂ ತಡವಿದರಂತೆ. ಬಿರುಕು ಅವರ ಬೆರಳಿಗೂ ಸಿಗಲಿಲ್ಲ. ಒಮ್ಮೆ ಎಳೆದು, “ಹೌದು, ಇದು ನನ್ನದೇ” ಎಂದರಂತೆ. ಕಾಡಿನೊಳಗಿಂದ ಒಂದು ಗಂಡು ಟರ್ಕಿ ಉತ್ತರ ಕೊಟ್ಟಿತಂತೆ.

“ಹೊಡೆದರಾ ಕೇಳು” ಎಂದರು ಮೋನಾಕ.

“ಇಲ್ಲ. ಅಪ್ಪ ಕೋವಿ ಕೇಳಲೇ ಇಲ್ಲ. ಬಿಸಿಲೇರುವ ತನಕ ಅದನ್ನು ಮಾತಾಡಿಸುತ್ತ ಕೂತಿದ್ದರು” ಎಂದರು ವಾಲ್ಟರ್.

ಎದುರಿಗಿದ್ದ ಹಲಗೆಗೆ ಗುರುತು ಹಾಕಲು ಮೋನಾಕರ ಕೈ ಅಭ್ಯಾಸಬಲದಿಂದ ಕಿವಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ನಕ್ಕು, ಜೇಬಿನಿಂದ ಪೆನ್ಸಿಲ್ ತೆಗೆದರು.

ಆ ಮೇಲೆಯೂ ಬಹಳ ವರ್ಷ ನಾನು ಸ್ಟೋರಿನಲ್ಲೇ ದುಡಿದೆ. ಕೆಲಸ ಮಾಡುವುದಿಲ್ಲವೆಂದು ಯಾವ ಸಾಮಾನು ವಾಪಸು ಬಂದರೂ ಬದಲಿ ತೆಗೆದುಕೊಡಲು ನಾನು ಅವಸರ ಮಾಡಲಿಲ್ಲ. ಮೊದಲು ಕೌಂಟರ್ ದಾಟಿ ಹೋಗಿ, ಅದು ಯಾರ ಕೈಯಲ್ಲಿ ಹೇಗೆ ಓಡಾಡುತ್ತದೆಂದು ನಿಂತು ನೋಡುತ್ತಿದ್ದೆ. ಬಹಳಷ್ಟು ಸಲ ತಪ್ಪು ಸಾಮಾನಿನದ್ದಾಗಿರಲಿಲ್ಲ, ಆ ಮನುಷ್ಯನದ್ದೂ ಆಗಿರಲಿಲ್ಲ. ಎರಡರ ನಡುವೆ ಒಂದು ಹನಿ ಎಣ್ಣೆ ಇರುತ್ತಿತ್ತು, ಅಷ್ಟೆ.