ನೆಟ್ಟಗೆ ಕೂತ ಮುಚ್ಚಳ

"ತಟ್ಟಕ್ಕ ಬಂದ್ಲು ಕಣ್ರೇ, ತಲೆ ಮುಚ್ಕೊಳ್ರಿ! ಟೊಳ್ಳೋ ಗಟ್ಟಿಯೋ ಅಂತ ಅದನ್ನೂ ತಟ್ಟಿ ನೋಡ್ತಾಳೆ!"

ಆಟಗಾರ್ತಿಯರ ಬೆಂಚಿನ ತುಂಬ ನಗೆ. ಅವಳು ತಲೆ ಎತ್ತಲಿಲ್ಲ. ವಾರವಿಡೀ ಪಂಪು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವವಳು, ಭಾನುವಾರ ಸಾಫ್ಟ್‌ಬಾಲ್ ಅಂಪೈರ್. ಆಟಕ್ಕೆ ಮೊದಲು ಪ್ರತಿ ಬ್ಯಾಟನ್ನೂ ಅಳತೆಯ ಬಳೆಯೊಳಗೆ ತೂರಿಸಿ, ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಡುವುದು ಅವಳ ಹನ್ನೊಂದು ವರ್ಷದ ರೂಢಿ.

ಲೋಹದ ಬ್ಯಾಟಿನ ತುದಿಯ ಮುಚ್ಚಳ ಬಿಚ್ಚಿ, ಒಳಗಿನಿಂದ ಹೆರೆದು ತೆಳುಮಾಡಿದರೆ ಚೆಂಡು ಗುಂಡಿನಂತೆ ಹಾರುತ್ತದೆ. ಹೋದ ವರ್ಷ ಅಂಥದೊಂದು ಹೊಡೆತ, ಚೆಂಡೆಸೆಯುತ್ತಿದ್ದ ಹುಡುಗಿಯ ದವಡೆ ಮುರಿದಿತ್ತು. ಅಂದು ಆ ಬ್ಯಾಟನ್ನು ಸರಿಯಿದೆ ಎಂದು ಕಳಿಸಿದವಳು ಇವಳೇ.

ಐದನೆಯ ಬ್ಯಾಟು ಅವಳ ತಮ್ಮ ತರಬೇತಿ ಕೊಡುವ ತಂಡದ್ದು. ಬಳೆಯೊಳಗೆ ತೂರಿತು, ದನಿಯೂ ಸರಿಯೆನಿಸಿತು. ತುದಿಯ ಮುಚ್ಚಳವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಮುಚ್ಚಳದ ಗೆರೆ ಬ್ಯಾಟಿನ ಮೇಲಿನ ಗೆರೆಗೆ ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಕೂತಿತ್ತು. ತಯಾರಿಸುವವರು ಇಷ್ಟು ನೆಟ್ಟಗೆ ಕೂರಿಸುವುದಿಲ್ಲ, ಅವರಿಗೆಲ್ಲಿಯ ಪುರುಸೊತ್ತು? ಗೆರೆಗೆ ಗೆರೆ ಕೂಡದೆ ಕೆಲಸ ಕೆಳಗಿಡಬೇಡಿ ಎಂದು ಲೋಹ ಕಡೆಯುವ ಲೇತಿನ ಪಕ್ಕ ನಿಲ್ಲಿಸಿಕೊಂಡು ಇಬ್ಬರಿಗೂ ಕಲಿಸಿದವನು ಅಪ್ಪ. ಆ ಲೇತು ಈಗ ತಮ್ಮನದು.

"ಇದು ಆಡೋ ಹಾಗಿಲ್ಲ. ಮುಚ್ಚಳ ಬಿಚ್ಚಿ ಮತ್ತೆ ಹಾಕಿದ್ದಾರೆ."

ತಮ್ಮ ದಾಪುಗಾಲಿಟ್ಟು ಬಂದ. "ಪುರಾವೆ ಏನಕ್ಕಾ?"

"ಎಲ್ಲರೆದುರು ಬಿಚ್ಚಿ ಅಳೀಲಾ?"

ಅವನ ದನಿ ತಗ್ಗಿತು. "ಅಪ್ಪನಾಣೆ, ಇದೊಂದ್ಸಲ ಬಿಟ್ಬಿಡು."

"ಅಪ್ಪನ ಹೆಸರೆತ್ತಬೇಡ. ಅವನು ಕಲಿಸಿದ ಕೆಲಸಾನೇ ನಿನ್ನ ಹಿಡ್ಕೊಟ್ಟಿದ್ದು." ಅಷ್ಟರಲ್ಲಿ ಅವಳಿಗೆ ನೆನಪಾಯಿತು. ಹೋದ ವರ್ಷದ ಆ ಬ್ಯಾಟಿನ ಮುಚ್ಚಳವೂ ಹೀಗೇ ನೆಟ್ಟಗಿತ್ತು. ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಕೊಂಡಿದ್ದಳು.

"ಆ ಹುಡುಗಿ ದವಡೆ ಮುರಿದ ಬ್ಯಾಟು... ಅದೂ ನೀನೇ ಮಾಡಿದ್ದಾ?"

ತಮ್ಮ ಅವಳ ಕಾಲ ಬಳಿ ಉಗುಳಿದ. "ಸರಿಯಿದೆ ಅಂದವಳು ನೀನು. ಇನ್ನು ನನ್ನ ಮನೆ ಹೊಸ್ತಿಲು ತುಳಿದ್ರೆ ನೋಡು."

ಬೆಂಚು ಹೋ ಎಂದು ಕೂಗಿತು. ಯಾರೋ ಎಸೆದ ಹಣ್ಣಿನ ಸಿಪ್ಪೆ ಬೆನ್ನಿಗೆ ಬಿತ್ತು. ಅವಳು ಬ್ಯಾಟಿಗೆ ಕೆಂಪು ಪಟ್ಟಿ ಸುತ್ತಿ ಪಕ್ಕಕ್ಕಿಟ್ಟಳು. ವರದಿಯ ಹಾಳೆಯಲ್ಲಿ ಎರಡು ಬ್ಯಾಟುಗಳ ವಿಷಯ ಬರೆದಳು, ಕೆಳಗೆ ತಮ್ಮನ ಹೆಸರು, ಅದರ ಕೆಳಗೆ, ಹೋದ ವರ್ಷ ಸರಿಯಿದೆ ಎಂದವಳೆಂದು, ತನ್ನದು.

ಆರನೆಯದನ್ನು ಎತ್ತಿಕೊಂಡಳು. ಮುಚ್ಚಳದ ಗೆರೆ ತುಸು ವಾರೆಯಾಗಿತ್ತು, ತಯಾರಿಸಿದವರು ಕೂರಿಸಿದ ಹಾಗೆಯೇ. ಆದರೂ ತಟ್ಟಿ, ಕಿವಿಗೊಟ್ಟು, ಮುಂದಕ್ಕೆ ಕಳಿಸಿದಳು.