ಮಧ್ಯಾಹ್ನದೊಳಗೆ ಮುಖ ಮೂಡಬೇಕು

ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆಯ ಪೊರೆ ಕಟ್ಟಿದೆ. ಅದನ್ನು ಬೆರಳಿನಿಂದ ಒಡೆದ ಬಸಿಲಿಯಾ ತಾರ್ಕಿ, ಒದ್ದೆ ಬೆರಳನ್ನು ಗೋಡೆಗೆ ಒರೆಸಿ ನೋಡುತ್ತಾರೆ. ಬೆರಳು ಬೆಳ್ಳಗಾಗುತ್ತದೆ. ನಾಲಿಗೆಗೆ ತಾಗಿಸುತ್ತಾರೆ, ಚುರ್ ಎನ್ನುತ್ತದೆ. ಸುಣ್ಣ.

"ಯಾರು ಬಳಿದಿದ್ದು ಇದನ್ನ?" ಎಂದು ಕೇಳುವಾಗ ಅವರ ದನಿಯಲ್ಲಿ ಸಿಟ್ಟಿಲ್ಲ, ಭಯವಿದೆ. ಎತ್ತರದ ಬೆಟ್ಟದೂರು ಎಲ್ ಆಲ್ತೊದ ಈ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬ್ರೆಡ್ಡಿನ ಒಲೆಗಳ ಹೊಗೆ ಮಾತ್ರ ಎದ್ದಿದೆ. ಮನೆಯ ಬಾಗಿಲಲ್ಲಿ ನಿಂತ ಕಸಿಯಾನೊ ಮಾಯ್ತಾ ಹೆಮ್ಮೆಯಿಂದಲೇ ಮುಂದೆ ಬಂದು, ಹಿರಿಯ ಹೆಂಗಸರಿಗೆ ಹೇಳುವ 'ದೋನ್ಯಾ' ಸೇರಿಸಿಯೇ ಉತ್ತರಿಸುತ್ತಾನೆ. "ನಾನೇ, ದೋನ್ಯಾ ಬಸಿಲಿಯಾ. ನಿನ್ನೆ ಸಂಜೆ ಬಳಿದೆ. ನನ್ ತಮ್ಮ ಬರೋ ದಿನ, ಗೋಡೆ ಕೊಳಕಾಗಿರ್ಬೇಕಾ?"

ಪಾಪ, ಆತ ಮಾಡಿದ್ದು ಮರ್ಯಾದೆಗಾಗಿಯೇ. ಇವತ್ತು ನವೆಂಬರ್ ಒಂದು. ಮಧ್ಯಾಹ್ನ ಹನ್ನೆರಡಕ್ಕೆ ಸತ್ತವರು ಮನೆಗೆ ಬರುತ್ತಾರೆ, ನಾಳೆ ಅದೇ ಹೊತ್ತಿಗೆ ಹೊರಡುತ್ತಾರೆ. ಬರುವವರಿಗೆ ಅಂಗಳ ಗುಡಿಸಿ, ಸುಣ್ಣ ಬಳಿದು, ಮೇಜಿನ ಮೇಲೆ ಕಬ್ಬು, ಈರುಳ್ಳಿ ದಂಟು, ಮುಖವಿಟ್ಟ ಬ್ರೆಡ್ಡಿನ ಗೊಂಬೆಗಳನ್ನು ಜೋಡಿಸದ ಮನೆ ಯಾವುದಿದೆ? ಆದರೆ ಇದೇ ಗೋಡೆಯ ಮೇಲೆ ಬಸಿಲಿಯಾ ಬಿಸಿಲಿನಿಂದ ಒಂದು ಮುಖ ತೆಗೆಯಬೇಕಿತ್ತು. ಆ ಮುಖ ಮೂಡುವ ನೀಲಿ ಬಣ್ಣಕ್ಕೆ ಸುಣ್ಣವೆಂದರೆ ವಿಷ. ತಾಗಿದರೆ ಬಣ್ಣ ಹಳದಿಯಾಗಿ, ತೆಳ್ಳಗಾಗಿ, ಕಣ್ಣೆದುರೇ ಸತ್ತುಹೋಗುತ್ತದೆ.

ಮುಖ ರುಫಿನೊ ಮಾಯ್ತಾನದು. ಮಿನಿಬಸ್ ಓಡಿಸುತ್ತಿದ್ದವನು ಒರೂರೊ ರಸ್ತೆಯಲ್ಲಿ ತೀರಿಕೊಂಡ. ಅವನು ಹೋದ ಮೇಲೆ ರಸ್ತೆ ಅಗಲವಾಯಿತು, ಮನೆಯ ಮುಂಭಾಗ ಒಡೆಯಿತು, ಬಾಗಿಲು ಪಕ್ಕದ ಓಣಿಗೆ ತಿರುಗಿತು. ಮೊದಲ ವರ್ಷ ಮೇಜು ಹಾಕಿದರು, ಎರಡನೆಯ ವರ್ಷವೂ ಹಾಕಿದರು. ಸತ್ತವರು ನೊಣವಾಗಿ ಬರುತ್ತಾರೆಂಬುದು ಇಲ್ಲಿಯ ನಂಬಿಕೆ. ಎರಡು ಸಲವೂ ಒಂದು ನೊಣ ಕೂಡ ಒಳಗೆ ಹಾರಿ ಬರಲಿಲ್ಲ, ಮೇಣದ ಬತ್ತಿ ಅಲುಗಲಿಲ್ಲ. ಸೆನೋಬಿಯಾಗೆ, ಅಂದರೆ ಅವನ ಹೆಂಡತಿಗೆ, ಇದರ ಅರ್ಥ ಚೆನ್ನಾಗಿ ಗೊತ್ತು. ಗಂಡ ಬಂದಿದ್ದಾನೆ, ಹಳೇ ಬಾಗಿಲು ಹುಡುಕಿದ್ದಾನೆ, ಸಿಗದೆ ಹಸಿದುಕೊಂಡೇ ವಾಪಸ್ಸು ಹೋಗಿದ್ದಾನೆ. ಇದು ಮೂರನೆಯ ವರ್ಷ. ಮೂರು ಕಳೆದರೆ ವಿಶೇಷವಾಗಿ ಮೇಜು ಹಾಕಿ ಕರೆಯುವ ಪದ್ಧತಿ ಇಲ್ಲ. ಈ ಸಲವೂ ದಾರಿ ತಪ್ಪಿದರೆ ತಪ್ಪಿದಂತೆಯೇ.

"ಅವನ ಮುಖಾನೇ ಗೋಡೆ ಮೇಲೆ ಹಾಕಿಬಿಡು, ಕೊಮಾದ್ರೆ. ಓಣಿ ತುದಿಯಿಂದಾನೇ ಕಾಣ್ಬೇಕು," ಎಂದು ಸೆನೋಬಿಯಾ ತಿಂಗಳ ಹಿಂದೆ ಕೇಳಿದ್ದಳು. ಅವಳ ಮಗಳಿಗೆ ಬಸಿಲಿಯಾ ಜ್ಞಾನಸ್ನಾನದ ತಾಯಿ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆಗಳು. ಈ ನಂಟಿನಲ್ಲಿ ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ.

ಬಸಿಲಿಯಾ ಬಣ್ಣದ ಡಬ್ಬಿ ಹಿಡಿದವರಲ್ಲ. ಅವರ ಗಂಡ ಚೌಕದಲ್ಲಿ ಮರದ ಪೆಟ್ಟಿಗೆ ಕ್ಯಾಮೆರಾ ಇಟ್ಟುಕೊಂಡು, ಕೂತವರು ಎದ್ದು ಹೋಗುವಷ್ಟರಲ್ಲಿ ಫೋಟೊ ತೊಳೆದುಕೊಡುತ್ತಿದ್ದರು. ಪೆಟ್ಟಿಗೆಯೊಳಗೆ ಕೈ ಹಾಕಿ ಕತ್ತಲಲ್ಲಿ ಕಾಗದ ತೊಳೆಯುವುದು ಬಸಿಲಿಯಾರ ಕೆಲಸ. ಫೋನುಗಳು ಬಂದವು, ಚೌಕ ಖಾಲಿಯಾಯಿತು, ಗಂಡನೂ ಹೋದರು. ಉಳಿದದ್ದು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿಟ್ಟ ಕಾಗದದ ನೆಗೆಟಿವ್‌ಗಳು. ಎಲ್ಲ ಮುಖಗಳೂ ಉಲ್ಟಾ: ಬಿಳಿ ಕೂದಲು, ಕಪ್ಪು ಹಲ್ಲು. ಅವುಗಳಲ್ಲಿ ರುಫಿನೊನದೂ ಒಂದು.

ಈ ಮುಖಗಳು ಗೋಡೆಗೆ ಬಂದದ್ದು ನಾಯ್ರಾಳಿಂದ. ಈ ಕಡೆಯ ಓಣಿಗಳಲ್ಲಿ ಕಾಂಡೋರ್ ಹಕ್ಕಿ, ಉದ್ದಜಡೆಯ ಹೆಂಗಸರು ಎಂದೆಲ್ಲ ಸ್ಪ್ರೇ ಹೊಡೆದು ಬಿಡಿಸಿದ ಚಿತ್ರಗಾರ್ತಿ ಅವಳು. ಒಮ್ಮೆ ಯಾವುದೋ ನೆಗೆಟಿವ್ ನೋಡಿ, "ಇದನ್ನ ಗೋಡೆಯಷ್ಟು ದೊಡ್ಡದು ಮಾಡಕ್ಕಾಗಲ್ವಾ?" ಎಂದಿದ್ದಳು. ಅಂದಿನಿಂದ ಬಸಿಲಿಯಾರ ಪ್ರಯೋಗ ಶುರು. ನೆಗೆಟಿವನ್ನು ಝೆರಾಕ್ಸ್ ಅಂಗಡಿಯಲ್ಲಿ ತುಂಡು ತುಂಡಾಗಿ ಹಿಗ್ಗಿಸಿ, ಕಾಗದಕ್ಕೆ ಅಡುಗೆ ಎಣ್ಣೆ ಸವರಿ ಬೆಳಕು ದಾಟುವಂತೆ ಮಾಡುತ್ತಾರೆ. ಮಳೆ ತಿಂದು ಹಳತಾದ ಗೋಡೆಗೆ ದನದ ಕಾಲು ಕುದಿಸಿ ತೆಗೆದ ಅಂಟು ಹಚ್ಚುತ್ತಾರೆ. ಅದರ ಮೇಲೆ ಕಬ್ಬಿಣದ ಉಪ್ಪಿನ ಹಳದಿ ನೀರು. ಒಣಗಿದ ಮೇಲೆ ಎಣ್ಣೆಕಾಗದ ಒತ್ತಿ ಹಿಡಿದರೆ, ಉಳಿದ ಕೆಲಸ ಸೂರ್ಯನದು. ಕೊನೆಗೆ ನೀರು ಹೊಯ್ದು ತೊಳೆದರೆ ನೀಲಿ. ಎಷ್ಟೋ ಗೋಡೆ ಕೆಟ್ಟವು. ಒಂದರಲ್ಲಿ ಮೇಯರ್ ಅಭ್ಯರ್ಥಿಯ ಹಳೇ ಜಾಹೀರಾತು ಕೆಳಗಿಂದ ಎದ್ದು ಬಂದು ಅಜ್ಜಿಯೊಬ್ಬರ ಮುಖಕ್ಕೆ ಮೀಸೆ ಮೂಡಿತ್ತು. ಅದನ್ನು ಜನ ಇನ್ನೂ ಹೇಳಿಕೊಂಡು ನಗುತ್ತಾರೆ.

ಇವತ್ತು ಯಾರೂ ನಗುತ್ತಿಲ್ಲ. ಬೆಳಕಾಗುವ ಮೊದಲೇ ಹಳದಿ ನೀರು ಹಚ್ಚಿ, ಕಂಬಳಿ ಮುಚ್ಚಿ ಒಣಗಿಸುವುದು ಕ್ರಮ. ಸುಣ್ಣ ತೆಗೆಯುವಷ್ಟರಲ್ಲಿ ಆ ಹೊತ್ತು ಮೀರಿಹೋಗುತ್ತದೆ. ನಾಯ್ರಾ ಬ್ಯಾಗು ಬಿಚ್ಚುತ್ತಾಳೆ. "ದೋನ್ಯಾ, ಬಿಡಿ. ನೀಲಿ ಸ್ಪ್ರೇ ಇದೆ. ಹನ್ನೊಂದರೊಳಗೆ ಮುಖ ಬರೆದು ಕೊಡ್ತೀನಿ. ಥೇಟ್ ಅವರ ಥರಾನೇ."

ಓಣಿಯವರಿಗೆಲ್ಲ ಇದೇ ಸರಿ ಕಾಣುತ್ತದೆ. ಬಸಿಲಿಯಾರಿಗೂ ಒಂದು ಕ್ಷಣ ಹಾಗೇ ಅನ್ನಿಸುತ್ತದೆ. ಗಂಟಲಿನವರೆಗೂ 'ಹೂಂ' ಬರುತ್ತದೆ. ಆದರೆ ಅವರು ಸೆನೋಬಿಯಾಳತ್ತ ನೋಡುತ್ತಾರೆ. ಗೋಡೆ ಅವಳದು, ಸತ್ತವನೂ ಅವಳವನೇ.

"ನೀನು ಬರೆದ್ರೆ ಚೆನ್ನಾಗೇ ಇರುತ್ತೆ, ತಾಯಿ," ಎನ್ನುತ್ತಾಳೆ ಸೆನೋಬಿಯಾ. "ಆದ್ರೆ ಅದು ನಿನ್ ಕೈ. ಆ ಕಾಗದಕ್ಕೆ ಅವನ ಮುಖದ ಬೆಳಕೇ ತಾಗಿತ್ತು. ಅವತ್ತು ನಾನೂ ಪಕ್ಕದಲ್ಲೇ ನಿಂತಿದ್ದೆ. ಟೋಪಿ ತೆಗಿ ಅಂದೆ, ತೆಗೀಲಿಲ್ಲ." ಬಸಿಲಿಯಾರತ್ತ ತಿರುಗಿ, "ನಿನ್ ಕೈಲಿ ಆಗುತ್ತಾ, ಕೊಮಾದ್ರೆ?"

"ಗೊತ್ತಿಲ್ಲ," ಎನ್ನುತ್ತಾರೆ ಬಸಿಲಿಯಾ. ಸುಳ್ಳು ಧೈರ್ಯ ಹೇಳುವುದು ಅವರಿಗೆ ಬರುವುದಿಲ್ಲ. "ಮನೇಲಿರೋ ವಿನೆಗರ್ ಎಲ್ಲಾ ತಗೊಂಡ್ಬನ್ನಿ. ನಿಂಬೆಹಣ್ಣೂ ತನ್ನಿ, ಸುಣ್ಣಾನ ಸಾಯ್ಸೋದು ಹುಳಿನೇ. ಕಸಿಯಾನೊ, ನೀನು ಕೆರಿ."

ಕಸಿಯಾನೊ ಕೆರೆಯುತ್ತಾನೆ. ಅದೃಷ್ಟಕ್ಕೆ ಬಸಿಲಿಯಾ ಮೊದಲೇ ಹಚ್ಚಿ ಒಣಗಿಸಿದ್ದ ದನದ ಅಂಟಿನಿಂದಾಗಿ ಸುಣ್ಣ ಆಳಕ್ಕೆ ಇಳಿದಿಲ್ಲ, ಹಪ್ಪಳದಂತೆ ಏಳುತ್ತದೆ. ಎಡಭಾಗದಲ್ಲಿ ಮಾತ್ರ ಅಂಟು ತೆಳುವಾಗಿತ್ತು, ಅಲ್ಲಿ ಸುಣ್ಣ ಕಚ್ಚಿಕೊಂಡಿದೆ. ಆಚೀಚೆ ಮನೆಯವರು ಹಬ್ಬದ ಅಡುಗೆಗೆ ಇಟ್ಟಿದ್ದ ವಿನೆಗರ್ ಬಾಟಲಿಗಳನ್ನು ಹಿಡಿದು ಬರುತ್ತಾರೆ. ಒಬ್ಬಾಕೆ ವಿನೆಗರ್‌ನಲ್ಲಿ ಕ್ಯಾರೆಟ್ ನೆನೆಸಿದ ಉಪ್ಪಿನಕಾಯಿ ಜಾಡಿಯನ್ನೇ ಎತ್ತಿಕೊಂಡು ಬಂದಿದ್ದಾಳೆ. "ಕ್ಯಾರೆಟ್ ತಿಂದ್ಬಿಟ್ಟು ನೀರು ಹಾಕ್ಕೊಳ್ಳಿ!" ಬಸಿಲಿಯಾ ಬಟ್ಟೆಯಲ್ಲಿ ಅದ್ದಿ ಒರೆಸುತ್ತಾರೆ, ನಾಲಿಗೆಗೆ ತಾಗಿಸುತ್ತಾರೆ, ಉಗಿಯುತ್ತಾರೆ, ಮತ್ತೆ ಒರೆಸುತ್ತಾರೆ. ಬೇರೆ ಪರೀಕ್ಷೆ ಅವರಲ್ಲಿಲ್ಲ. ಚುರ್ ಅನ್ನಬಾರದು, ಹುಳಿ ಅನ್ನಬೇಕು.

ಮೇಲೆ ಬಿಸಿಲು ಏರುತ್ತಿದೆ. ಹಳದಿ ನೀರಿಗೆ ಈ ಬಿಸಿಲು ತಾಗಿದರೆ ಮುಗಿಯಿತು. ಆದ್ದರಿಂದ ಸಂತೆಯ ಟಾರ್ಪಲ್, ಮಕ್ಕಳನ್ನು ಬೆನ್ನಿಗೆ ಕಟ್ಟುವ ಬಟ್ಟೆ, ಹಾಸಿಗೆಯ ಕಂಬಳಿ ಎಲ್ಲ ಸೇರಿಸಿ ಗೋಡೆಗೆ ಗುಡಾರ ಹೊದಿಸುತ್ತಾರೆ. ಒಳಗೆ ಬಸಿಲಿಯಾ ಒಬ್ಬರೇ, ಬ್ರಷ್ ಹಿಡಿದು. ಹೊರಗೆ ಕಂಬಳಿ ಹಿಡಿದವರ ಗಲಾಟೆ: "ಏಯ್, ನಿನ್ ಕಡೆ ಕಿಂಡಿ ಬಿಟ್ಟಿದೀಯಲ್ಲೋ!" "ಕಿಂಡಿ ಅಲ್ಲ ಮಾರಾಯ್ತಿ, ತೂತು. ನಿನ್ ಕಂಬಳಿದು!" ಒಳಗಿಂದ ಬಸಿಲಿಯಾ ಕೂಗುತ್ತಾರೆ, "ತೂತಿಗೆ ಟೋಪಿ ಇಡ್ರೋ!" ಯಾರದೋ ಟೋಪಿ ತೂತಿನ ಮೇಲೆ ಕೂರುತ್ತದೆ.

ಒಣಗುವುದನ್ನು ಕಾಯುವುದೇ ಎಲ್ಲಕ್ಕಿಂತ ಕಷ್ಟ. ಬಸಿಲಿಯಾ ಮೂಲೆಯಲ್ಲಿ ಕೂತು ಕೋಕಾ ಎಲೆ ಅಗಿಯುತ್ತಾರೆ. ಬೆಟ್ಟದ ಕಡೆ ಮೋಡ ಕಟ್ಟುತ್ತಿದೆ. ಒಣಗದೆ ಕಾಗದ ಒತ್ತಿದರೆ ಮುಖ ಹರಡುತ್ತದೆ, ಒಣಗಲೆಂದು ಕಾದರೆ ಬಿಸಿಲು ಹೋಗುತ್ತದೆ. "ನೀವ್ಯಾಕೆ ಇಷ್ಟು ಹೆದರ್ತೀರಿ?" ಎಂದು ನಾಯ್ರಾ ಕೇಳಿದರೆ ಉತ್ತರ ಹೀಗೆ ಬರುತ್ತದೆ: "ನಿನ್ ಗೋಡೆ ಕೆಟ್ರೆ ಮೇಲೆ ಇನ್ನೊಂದು ಕೋಟ್ ಹೊಡೀತೀಯ. ನನ್ ಗೋಡೆ ಕೆಟ್ರೆ ಒಬ್ಬ ಮನುಷ್ಯ ಬೀದೀಲಿ ನಿಲ್ತಾನೆ."

ಹನ್ನೊಂದರ ಸುಮಾರಿಗೆ ಕಾಗದ ಏರುತ್ತದೆ. ಅದರ ಸುತ್ತ ರುಫಿನೊನ ಸ್ಪ್ಯಾನರ್, ಈರುಳ್ಳಿ ದಂಟು, ಒಂದು ಬ್ರೆಡ್ಡಿನ ಗೊಂಬೆಯನ್ನು ಪಾರದರ್ಶಕ ಪ್ಲಾಸ್ಟಿಕ್ಕಿಗೆ ಹೊಲಿದು ತೂಗಿಬಿಟ್ಟಿದ್ದಾರೆ. ಅವುಗಳ ನೆರಳು ಬಿದ್ದಲ್ಲಿ ಗೋಡೆ ಬಿಳಿಯಾಗೇ ಉಳಿಯುತ್ತದೆ. ಕಂಬಳಿಗಳು ಬೀಳುತ್ತವೆ. ಬಿಸಿಲು ದಪ್ ಎಂದು ಗೋಡೆಗೆ ಅಪ್ಪಳಿಸುತ್ತದೆ. ಅದರ ಬೆನ್ನಿಗೇ ಗಾಳಿ. ಕಾಗದದ ಬಲತುದಿ ಪಟಪಟ ಎದ್ದಾಗ ಕಸಿಯಾನೊ ಹಾರಿಹೋಗಿ ಅಂಗೈ ಊರಿ ಒತ್ತಿ ಹಿಡಿಯುತ್ತಾನೆ. "ಅಲುಗಬೇಡ!" ಎನ್ನುತ್ತಾರೆ ಬಸಿಲಿಯಾ. ಅವನು ಅಲುಗುವುದಿಲ್ಲ. ಮೋಡವೊಂದು ಬಂದು ಬಿಸಿಲನ್ನು ನುಂಗುತ್ತದೆ, ಹೋಗುತ್ತದೆ, ಮತ್ತೊಂದು ಬರುತ್ತದೆ. ಬಸಿಲಿಯಾರ ಕಣ್ಣು ಕಾಗದದ ಹೊರಗಿನ ಅಂಚಿನ ಮೇಲಿದೆ. ಸಾಕಷ್ಟು ಬಿಸಿಲು ತಾಗಿದರೆ ಅಲ್ಲಿ ಹಳದಿ ಬೂದು ಬಣ್ಣವಾಗಬೇಕು. ಆಗುತ್ತಿಲ್ಲ. ಆಗುತ್ತಿಲ್ಲ. ಸೆನೋಬಿಯಾ ಒಳಗೆ ಹೋಗಿ ಬತ್ತಿ ಹಚ್ಚಿ ಬರುತ್ತಾಳೆ, ಏಕೆಂದರೆ ಹನ್ನೆರಡು ಯಾರಿಗೂ ಕಾಯುವುದಿಲ್ಲ.

ಪೂರ್ತಿ ಬೂದಾಗುವ ಮೊದಲೇ ಬಸಿಲಿಯಾ ಕಾಗದ ಕಿತ್ತು ಕೂಗುತ್ತಾರೆ, "ನೀರು!"

ಬಕೆಟ್ ಮೇಲೆ ಬಕೆಟ್. ಹಳದಿ ಹರಿದು ಚರಂಡಿಗೆ ಇಳಿಯುತ್ತದೆ. ಚರ್ಚಿನ ಗಂಟೆ ಹೊಡೆಯುವಾಗ ಗೋಡೆಯ ಮೇಲೆ ಒಂದು ಮುಖವಿದೆ, ಆದರೆ ಎಷ್ಟು ತೆಳು! ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದಷ್ಟು. ಟೋಪಿ, ಕಿರಿದು ಮಾಡಿದ ಕಣ್ಣು, ಅರ್ಧ ನಗು. ಭುಜದ ಮೇಲೆ, ಯಾರೂ ಯೋಚಿಸದ ಒಂದು ಬಿಳಿ ಅಂಗೈ.

ಕಸಿಯಾನೊ ತನ್ನ ಕೈಯನ್ನೂ ಗೋಡೆಯನ್ನೂ ನೋಡುತ್ತಾನೆ. "ಇದನ್ನೂ ಕೆಡಿಸಿದ್ನಾ?"

"ತಮ್ಮನ ಹೆಗಲ ಮೇಲೆ ಅಣ್ಣ ಕೈ ಇಟ್ರೆ ಕೆಡೋದೇನು?" ಎನ್ನುತ್ತಾಳೆ ಸೆನೋಬಿಯಾ. ಆಮೇಲೆ ಮೆಲ್ಲಗೆ, "ಆದ್ರೆ ಇಷ್ಟು ತೆಳ್ಳಗಿದ್ರೆ ಓಣಿ ತುದಿಯಿಂದ ಕಾಣುತ್ತಾ, ಕೊಮಾದ್ರೆ?"

"ಗಾಳಿ ಕುಡೀಲಿ. ಗಾಳಿ ಕುಡಿದಷ್ಟೂ ನೀಲಿ ಗಟ್ಟಿಯಾಗುತ್ತೆ," ಎನ್ನುತ್ತಾರೆ ಬಸಿಲಿಯಾ. ಬೇರೆ ದಿನವಾಗಿದ್ದರೆ ಇದನ್ನು ಆಣೆ ಮಾಡಿ ಹೇಳುತ್ತಿದ್ದರು.

ಜನ ಒಳಗೆ ಹೋಗಿ ಪ್ರಾರ್ಥನೆ ಹೇಳುತ್ತಾರೆ, ಬ್ರೆಡ್ಡು ಪಡೆಯುತ್ತಾರೆ. ಬಸಿಲಿಯಾ ಹೊರಗೇ ಉಳಿಯುತ್ತಾರೆ. ಮುಖ ನಿಧಾನವಾಗಿ, ಬಹಳ ನಿಧಾನವಾಗಿ, ಕಡುಗಪ್ಪು ನೀಲಿಗೆ ಇಳಿಯುತ್ತದೆ. ಮೂರರ ಹೊತ್ತಿಗೆ ಓಣಿಯ ತುದಿಯಿಂದ ಬರುವವರು ನಿಂತು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಾರೆ. ಆದರೆ ಸುಣ್ಣ ಕಚ್ಚಿಕೊಂಡಿದ್ದ ಎಡಭಾಗದಲ್ಲಿ, ಕಿವಿಯ ಮೇಲೆ, ಒಂದು ಹಳದಿ ಚುಕ್ಕೆ. ಬಸಿಲಿಯಾ ವಿನೆಗರ್ ಬಟ್ಟೆ ಒತ್ತುತ್ತಾರೆ. ಚುಕ್ಕೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ತೆವಳುತ್ತದೆ.

ಸೆನೋಬಿಯಾ ಬಿಸಿ ನೇರಳೆ ಮೆಕ್ಕೆಜೋಳದ ಗಂಜಿ ತಂದು ಪಕ್ಕದಲ್ಲಿ ಕೂರುತ್ತಾಳೆ. ಕಿವಿ ನೋಡುತ್ತಾಳೆ. "ಹೋಗ್ಲಿ ಬಿಡು. ಬದುಕಿದ್ದಾಗ್ಲೂ ಆ ಕಿವಿಗೆ ನನ್ ಮಾತು ಕೇಳಿಸ್ತಿರ್ಲಿಲ್ಲ." ಇಬ್ಬರೂ ನಗುತ್ತಾರೆ. ನಗು ಮುಗಿದ ಮೇಲೆ ಸೆನೋಬಿಯಾ ಕೇಳುತ್ತಾಳೆ: "ಬಂದಿದಾನೆ ಅಂತೀಯಾ?"

ಬಸಿಲಿಯಾ ಗೋಡೆಯ ಮೇಲಿನ ಮುಖದ ಕೆನ್ನೆಯತ್ತ ಬೆರಳು ಮಾಡುತ್ತಾರೆ. ಅಲ್ಲಿ ಒಂದು ನೊಣ ಕೂತಿದೆ. ನೊಣ ಗೋಡೆಯ ಉದ್ದಕ್ಕೂ ನಡೆದು, ಹೊಸ ಬಾಗಿಲ ಚೌಕಟ್ಟಿನ ಬಳಿ ನಿಂತು, ಕಾಲು ಉಜ್ಜಿಕೊಂಡು, ಒಳಗೆ ಹಾರುತ್ತದೆ. ಸೆನೋಬಿಯಾ ಗಂಜಿಯ ಬಟ್ಟಲನ್ನು ಅಲ್ಲೇ ಬಿಟ್ಟು ಅದರ ಹಿಂದೆಯೇ ಓಡುತ್ತಾಳೆ.

ಬಸಿಲಿಯಾ ಏಳುವುದಿಲ್ಲ. ನಾಳೆ ಮಧ್ಯಾಹ್ನದವರೆಗೆ ಈ ಮುಖ ನಿಲ್ಲಬೇಕು. ಹಳದಿ ಈಗ ಕಿವಿ ದಾಟಿ ಕೆನ್ನೆಯ ಕಡೆ ನೋಡುತ್ತಿದೆ. ಒಳಗೆ ಬಂದು ಊಟ ಮಾಡಿ ಎಂದು ಕರೆದ ನಾಯ್ರಾಳಿಗೆ ಅವರು ಬಟ್ಟೆ ಹಿಂಡುತ್ತಲೇ ಹೇಳುತ್ತಾರೆ, "ನೀವು ಉಣ್ಣಿ. ಒಳಗೆ ಬರೋ ದಾರಿ ತೋರ್ಸಾಯ್ತು. ನಾಳೆ ರುಫಿನೊ ಹೊರಗೆ ಹೋಗುವಾಗ ತಿರುಗಿ ನೋಡ್ತಾನಲ್ಲ, ಆಗ ತನ್ ಮುಖ ಇಲ್ಲಿರ್ಬೇಕು. ಅಷ್ಟು ಆದ್ರೆ ನಂಗೆ ಸಾಕು."